ಗಾಳಿಯಲ್ಲಿ ತೇಲಿದ ಚೂರು: ಎಲ್‌ಕೆ-99 ಅಸಲಿ ಕಥೆ ಏನು?

2023ರ ಜುಲೈ ಕೊನೆಗೆ ಒಂದು ವಿಡಿಯೋ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಅಯಸ್ಕಾಂತದ ಮೇಲೊಂದು ಕಪ್ಪು ಚೂರು. ಒಂದು ಅಂಚು ತಾಗಿದೆ, ಉಳಿದದ್ದು ಗಾಳಿಯಲ್ಲಿದೆ. ಸೀಸ, ತಾಮ್ರ, ರಂಜಕ, ಆಮ್ಲಜನಕ ಸೇರಿದ ಈ ವಸ್ತುವಿನ ಹೆಸರು ಎಲ್‌ಕೆ-99. ಕೋಣೆಯ ಉಷ್ಣತೆಯಲ್ಲೂ ಇದು ಸೂಪರ್‌ಕಂಡಕ್ಟರ್, ಅಂದರೆ ತಡೆಯೇ ಇಲ್ಲದೆ ಕರೆಂಟ್ ಹರಿಸುತ್ತದೆ ಎಂದು ದಕ್ಷಿಣ ಕೊರಿಯಾದ ತಂಡವೊಂದು ಹೇಳಿತ್ತು. ಈಗಿರುವ ಸೂಪರ್‌ಕಂಡಕ್ಟರ್‌ಗಳಿಗೆ ವಿಪರೀತ ಚಳಿ ಅಥವಾ ಭಾರೀ ಒತ್ತಡ ಬೇಕು. ಹಾಗಾಗಿ ಟೆಕ್ ಪ್ರಿಯರು ಜಗತ್ತೇ ಬದಲಾಯಿತೆಂದು ಸಂಭ್ರಮಿಸಿದರು.

ಆದರೆ ಆ ವರದಿಯನ್ನು ಬೇರೆ ತಜ್ಞರು ಇನ್ನೂ ಪರಿಶೀಲಿಸಿರಲಿಲ್ಲ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಸೇರಿದಂತೆ ಹಲವು ದೇಶಗಳ ಲ್ಯಾಬ್‌ಗಳು ಅದನ್ನು ತಯಾರಿಸಿ ನೋಡಿದವು. ಸೂಪರ್‌ಕಂಡಕ್ಟರ್ ಗುಣ ಕಾಣಲಿಲ್ಲ. ಜರ್ಮನಿಯಲ್ಲಿ ಬೆಳೆಸಿದ ಶುದ್ಧ ಹರಳಂತೂ ಕರೆಂಟನ್ನೇ ಹರಿಸಲಿಲ್ಲ! ಕೊರಿಯಾದ ಚೂರಿನಲ್ಲಿ ಸುಮಾರು 104 ಡಿಗ್ರಿ ಸೆಲ್ಸಿಯಸ್ ಬಳಿ ತಡೆ ದಿಢೀರನೆ ಇಳಿದದ್ದು, ತಯಾರಿಸುವಾಗ ಉಳಿದುಕೊಂಡ ತಾಮ್ರದ ಸಲ್ಫೈಡ್‌ನಿಂದ. ಚೂರು ಎದ್ದು ನಿಂತದ್ದು ಸಾಮಾನ್ಯ ಕಾಂತೀಯ ಗುಣದಿಂದ.

ಒಂದೇ ತಿಂಗಳಲ್ಲಿ ವಿಜ್ಞಾನ ತಪ್ಪನ್ನು ತಿದ್ದಿತು. ಆದರೆ ವಿಡಿಯೋ ಹಂಚಿದವರಲ್ಲಿ ಎಷ್ಟು ಜನ ತಿದ್ದುಪಡಿಯನ್ನೂ ಹಂಚಿದರು? ಮುಂದೆ ಇಂಥ ಫಾರ್ವರ್ಡ್ ಬಂದರೆ ಒಂದೇ ಪ್ರಶ್ನೆ ಕೇಳಿ: ಬೇರೆ ಲ್ಯಾಬ್‌ನಲ್ಲೂ ಇದು ಆಯಿತೇ? ಉತ್ತರ ಸಿಕ್ಕ ಮೇಲೆ ಶೇರ್ ಮಾಡಿ.