ಪತ್ತಾಕಿನ ನಾಣ್ಯ ಮತ್ತು ಕಾಲನಿರ್ಣಯದ ಪ್ರಶ್ನೆ

ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ (1886) ಕೊಡಗಿನ ಶಾಸನಗಳದು. ಅದರಲ್ಲಿರುವ ಮಡಿಕೇರಿ ತಾಮ್ರಪಟ 388 ಎಂಬ ವರ್ಷವನ್ನು ಹೇಳುತ್ತದೆ. ಯಾವ ಶಕೆಯದೆಂದು ಹೇಳುವುದಿಲ್ಲ. ಗಂಗರ ಅವಿನೀತನ ಹೆಸರಿನ ಈ ಶಾಸನವನ್ನು ಶಾಲಿವಾಹನ ಶಕಕ್ಕೆ ಹೊಂದಿಸಿ ಕ್ರಿ.ಶ. 466 ಎಂದವರುಂಟು, ಫ್ಲೀಟ್ ಅವರಾದರೋ ಅದನ್ನು ಕೂಟಶಾಸನವೆಂದೇ ಪರಿಗಣಿಸಿದರು. ಕಾಣಿಸಿದ ವರ್ಷವನ್ನು ಪರೀಕ್ಷಿಸದೆ ಒಪ್ಪಬಾರದೆಂಬ ಎಚ್ಚರ ಕನ್ನಡ ಸಂಶೋಧನೆಗೆ ಹೀಗೆ ಹಳೆಯದು. ಆದರೆ ಅದೇ ಕೊಡಗಿನ ಮನೆತನಗಳ ಒಡವೆಗಳ ಅಧ್ಯಯನಕ್ಕೆ ತೊಡಗಿದಾಗ, ನಾಣ್ಯದ ಮೇಲಿನ ಇಸವಿ ಪ್ರಶ್ನಾತೀತವಾಗಿಬಿಡುವ ಅಪಾಯವಿದೆ.

ಕೊಡವ ಮಹಿಳೆಯರ ಪತ್ತಾಕಿನ ನಡುವೆ ಚಿನ್ನದ ನಾಣ್ಯ, ಮೇಲ್ಗಡೆ ಹೆಡೆಯೆತ್ತಿದ ನಾಗ, ಸುತ್ತ ಕೆಂಪು ಮತ್ತು ಮುತ್ತು. ನಾಣ್ಯ ಬ್ರಿಟಿಷ್ ಸವರನ್ ಆಗಿದ್ದರೆ ಇಸವಿ ಸುಲಭವಾಗಿ ಓದಸಿಗುತ್ತದೆ, ತೊಡಕಿರುವುದೂ ಇಲ್ಲಿಯೇ. ಆ ಇಸವಿ ನಾಣ್ಯದ್ದೇ ಹೊರತು ಪತ್ತಾಕಿನದಲ್ಲ. ಒಮ್ಮೊಮ್ಮೆ ನಾಣ್ಯದ್ದೂ ಅಲ್ಲ. ಐದನೆಯ ಜಾರ್ಜನ ಮುಖವುಳ್ಳ 1925ರ ಸವರನ್ನುಗಳನ್ನು ಲಂಡನ್ನಿನ ಟಂಕಸಾಲೆಯು 1949, 1951 ಮತ್ತು 1952ರಲ್ಲಿಯೂ ಅದೇ ಇಸವಿಯಿಟ್ಟು ಅಚ್ಚುಹಾಕಿತು. ದೊರೆ ತೀರಿಕೊಂಡದ್ದು 1936ರಲ್ಲಿ! ಆದರೆ ವಸಾಹತು ಟಂಕಸಾಲೆಗಳ ಸವರನ್ನುಗಳಲ್ಲಿ ಇಸವಿಯ ಬಳಿ ಒಂದು ಚಿಕ್ಕ ಅಕ್ಷರವಿರುತ್ತದೆ; 1918ರಲ್ಲಿ ಮುಂಬಯಿಯಲ್ಲಿ ಅಚ್ಚಾದವುಗಳಲ್ಲಿರುವುದು 'ಐ' ಎಂಬ ಇಂಗ್ಲಿಷ್ ಅಕ್ಷರ. 1925ರ ನಾಣ್ಯದಲ್ಲಿ ಇಂಥ ಅಕ್ಷರವಿದ್ದರೆ ಅದು ಮರುಅಚ್ಚಲ್ಲ; ಇಲ್ಲದಿದ್ದರೆ ಸಂಶಯಕ್ಕೆ ಎಡೆಯುಂಟು.

ಬೆಳ್ಳಿಯ ರೂಪಾಯಿಗಳ ವಿಷಯ ಇನ್ನೂ ಜಟಿಲ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು; ಮರುವರ್ಷವೇ ಕಂಪನಿಯ ಏಕರೂಪದ ರೂಪಾಯಿ ಬಂದಿತು. ಅನಂತರದ ವಿಕ್ಟೋರಿಯಾ ರೂಪಾಯಿಗಳು 1840 ಎಂಬ ಇಸವಿಯನ್ನೇ ಹೊತ್ತು ಎರಡು ದಶಕ ಅಚ್ಚಾದವು. ರಾಣಿಯ ಹೆಸರು ತಲೆಯ ಮೇಲ್ಗಡೆ ಒಂದೇ ಸಾಲಾಗಿ ಹರಿದಿದ್ದರೆ ಮೊದಲಿನದು, ತಲೆಯ ಎರಡು ಬದಿಗೆ ಒಡೆದಿದ್ದರೆ ಈಚಿನದು. 1862ರ ರೂಪಾಯಿಯೂ ಇಸವಿ ಬದಲಾಗದೆ ಹಲವು ವರ್ಷ ನಡೆಯಿತು. ಮುಂಬಯಿ ಟಂಕಸಾಲೆ ಅಚ್ಚಾದ ವರ್ಷವನ್ನು ಸೂಚಿಸಲು ಬಳಸಿದ್ದು ಬರಿಯ ಚುಕ್ಕೆಗಳನ್ನು. ಸವೆದ ನಾಣ್ಯದಲ್ಲಿ ಆ ಚುಕ್ಕೆಯನ್ನು ಕೊಳೆಯೆಂದು ಒರೆಸಲು ಹೋಗುವವರೇ ಹೆಚ್ಚು. ಟಿಪ್ಪುವಿನ ಮೌಲೂದಿ ವರ್ಷದ ನಾಣ್ಯಗಳನ್ನಂತೂ ಬಲದಿಂದ ಎಡಕ್ಕೆ ಓದಬೇಕು. 5121 ಎಂದು ಕಂಡದ್ದು 1215, ಅಂದರೆ ಕ್ರಿ.ಶ. 1787ರ ಸುಮಾರು.

ಪಾಠಾಂತರಗಳನ್ನು ಗುರುತಿಸಲು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಅದನ್ನು ನಾಣ್ಯಶಾಸ್ತ್ರಜ್ಞರಿಗೂ ಹವ್ಯಾಸಿ ಸಂಗ್ರಾಹಕರಿಗೂ ಬಿಟ್ಟುಕೊಟ್ಟದ್ದರಿಂದ ನಷ್ಟವಾಗುವುದು ಮೌಖಿಕ ಆಕರಕ್ಕೆ. ಮನೆಯ ಹಿರಿಯಳು ಪತ್ತಾಕನ್ನು ತನ್ನ ಮದುವೆಗೆ, 1950ರ ಆಚೀಚೆ, ಮಾಡಿಸಿದ್ದೆಂದು ಹೇಳುತ್ತಾಳೆ ಎನ್ನೋಣ. ನಾಣ್ಯ 1925 ಎನ್ನುತ್ತದೆ. ಸಂಶೋಧಕ ಅಕ್ಷರವನ್ನು ನಂಬಿ ಮಾತನ್ನು ಕೈಬಿಡುತ್ತಾನೆ. ಇಸವಿ ಹೇಳಬಲ್ಲದ್ದು ಒಡವೆ ಅದಕ್ಕಿಂತ ಹಿಂದಿನದಾಗಿರಲಾರದು ಎಂಬಷ್ಟನ್ನೇ. ಅದೂ ನಾಣ್ಯವನ್ನು ನಡುವೆ ಬದಲಾಯಿಸಿಲ್ಲದಿದ್ದರೆ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಇಸವಿಯ ಜೊತೆಗೆ ಟಂಕಸಾಲೆಯ ಅಕ್ಷರ, ಚುಕ್ಕೆ, ಬರೆಹದ ವಿನ್ಯಾಸ ಇವನ್ನೂ ದಾಖಲಿಸಿ, ಅದರ ಪಕ್ಕದಲ್ಲೇ ಆ ಹಿರಿಯಳ ಮಾತನ್ನು ಆಕೆ ಹೇಳಿದಂತೆಯೇ ಬರೆದುಕೊಳ್ಳಬೇಕು.