ಗಂಟೆಗೆ ಆರು ಕಿಲೋಮೀಟರ್

ಲಾಂಗ್ ವೀಕೆಂಡ್ ಬಂತು ಅಂದ್ರೆ ನಾವೆಲ್ಲ ಏನು ಮಾಡ್ತೀವಿ? ಮೂರು ದಿನದಲ್ಲಿ ನಾಲ್ಕು ಊರು, ಹನ್ನೊಂದು ವ್ಯೂ ಪಾಯಿಂಟ್, ಇನ್ನೂರು ಫೋಟೊ. ಸೋಮವಾರ ಆಫೀಸಿಗೆ ಬಂದಾಗ ಸುಸ್ತು ತೀರಿಸಿಕೊಳ್ಳೋಕೆ ಇನ್ನೊಂದು ರಜೆ ಬೇಕು ಅನ್ನಿಸುತ್ತೆ. ಈ ಸಲ ಅದಕ್ಕೆ ಪೂರ್ತಿ ಉಲ್ಟಾ ಆದ ಒಂದು ಪ್ರವಾಸದ ಕಥೆ ಹೇಳ್ತೀನಿ.

ಹೋದ ಸೆಪ್ಟೆಂಬರ್‌ನಲ್ಲಿ ನಾವು ನಾಲ್ವರು ಗೆಳೆಯರು ಇಂಗ್ಲೆಂಡಿನಲ್ಲಿ ಒಂದು ನ್ಯಾರೋಬೋಟ್ ಬಾಡಿಗೆಗೆ ತಗೊಂಡೆವು. ನಾಲ್ವರೂ ಒಂದೇ ಹಾಸ್ಟೆಲ್‌ನವರು, ಈಗ ನಾಲ್ವರೂ ಇಲ್ಲಿನ ಬೇರೆ ಬೇರೆ ಊರುಗಳಲ್ಲಿ ಕೋಡ್ ಬರೆಯೋರು. ಹಾಸ್ಟೆಲ್ ಪದ್ಧತಿ ಪ್ರಕಾರ ಊರೇ ಹೆಸರು: ಮಂಡ್ಯ, ದಾವಣಗೆರೆ, ಶಿರಸಿ ಮತ್ತು ನಾನು.

ನ್ಯಾರೋಬೋಟ್ ಅಂದ್ರೆ ಹೆಸರೇ ಹೇಳುವ ಹಾಗೆ ಇಕ್ಕಟ್ಟು ದೋಣಿ. ಅಗಲ ಸುಮಾರು 2.1 ಮೀಟರ್, ಅಂದ್ರೆ ನಮ್ಮ ಸಿಟಿ ಬಸ್ಸಿಗಿಂತ ಕಮ್ಮಿ. ಉದ್ದ ಮಾತ್ರ ನಮ್ಮದು 18 ಮೀಟರ್, ಒಂದೂವರೆ ಬಸ್ಸು! ಅದರೊಳಗೇ ಅಡುಗೆಮನೆ, ಮಂಚ, ಬಚ್ಚಲು ಎಲ್ಲಾ ರೈಲು ಬೋಗಿಯ ಹಾಗೆ ಒಂದರ ಹಿಂದೆ ಒಂದು. ಹದಿನೆಂಟನೇ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸೋಕೆ ಇಲ್ಲಿ ಕಾಲುವೆಗಳನ್ನು ತೋಡಿದಾಗ ದುಡ್ಡು, ನೀರು ಎರಡೂ ಉಳಿಯಲಿ ಅಂತ ಬಹಳಷ್ಟು ಕಡೆ ಲಾಕ್‌ಗಳನ್ನು ಏಳು ಅಡಿ ಅಗಲಕ್ಕೇ ಕಟ್ಟಿದರು. ದೋಣಿ ಆ ಅಳತೆಗೆ ಬಂತು. ದಡದಲ್ಲಿ ಕುದುರೆ ನಡೆಯುತ್ತಾ ಹಗ್ಗದಿಂದ ಎಳೆಯುತ್ತಿತ್ತು. ಆಮೇಲೆ ರೈಲು, ಲಾರಿ ಬಂದು ವ್ಯಾಪಾರ ಬಿದ್ದುಹೋಯಿತು. 1944ರಲ್ಲಿ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ತನ್ನ ದೋಣಿ ಬದುಕಿನ ಬಗ್ಗೆ ಬರೆದ 'ನ್ಯಾರೋ ಬೋಟ್' ಅನ್ನೋ ಪುಸ್ತಕ ಪ್ರಕಟವಾಯಿತು. ಎರಡು ವರ್ಷದಲ್ಲಿ ಕಾಲುವೆ ಉಳಿಸುವ ಸಂಘ ಹುಟ್ಟಿತು. ಇವತ್ತು ನಮ್ಮಂಥವರು ರಜೆಗೆ ಹೋಗ್ತೀವಿ ಅಂದ್ರೆ ಅದರ ಪುಣ್ಯ.

ಓಡಿಸೋಕೆ ಲೈಸೆನ್ಸ್ ಬೇಡ. ಬಾಡಿಗೆ ಕೊಡೋರೇ ಹೊರಡೋ ಮುಂಚೆ ಹೇಳಿಕೊಡ್ತಾರೆ. ಹಿಂದೆ ನಿಂತು ಒಂದು ಹಿಡಿ ತಿರುಗಿಸೋದು ಅಷ್ಟೇ. ಆದ್ರೆ ಎಡಕ್ಕೆ ಹೋಗಬೇಕಾದ್ರೆ ಬಲಕ್ಕೆ ತಳ್ಳಬೇಕು. ಬ್ರೇಕ್ ಇಲ್ಲ. ರಿವರ್ಸ್ ಹಾಕಿ, ದೇವರ ಮೇಲೆ ಭಾರ ಹಾಕಿ ಕಾಯಬೇಕು.

ಆಕ್ಸ್‌ಫರ್ಡ್ ಕಾಲುವೆಯಿಂದ ಡ್ಯೂಕ್ಸ್ ಕಟ್ ಎಂಬ ಸಣ್ಣ ಕೊಂಡಿ ದಾಟಿ ಥೇಮ್ಸ್ ನದಿಗೆ ಇಳಿದೆವು. ಲಂಡನ್ನಿನ ದೊಡ್ಡ ಥೇಮ್ಸ್ ಅಲ್ಲ ಇದು. ಹುಲ್ಲುಗಾವಲು, ಹಸು, ಹಂಸಗಳ ನಡುವೆ ಹಾವಿನ ಹಾಗೆ ಸುತ್ತೋ ಪುಟ್ಟ ಹೊಳೆ. ಅಲ್ಲಿಂದ ಸ್ವಲ್ಪ ಕೆಳಗೆ ಇರೋದೇ ಗಾಡ್‌ಸ್ಟೋ. 1862ರ ಜುಲೈ 4ರಂದು ಲೂಯಿಸ್ ಕ್ಯಾರಲ್ ಅಲ್ಲಿಗೆ ದೋಣಿಯಲ್ಲಿ ಹೋಗ್ತಾ ಮೂವರು ಪುಟ್ಟ ಹುಡುಗಿಯರಿಗೆ ಹೇಳಿದ ಕಥೆಯೇ ಮುಂದೆ 'ಆಲಿಸ್' ಆಗಿದ್ದು. ನಿಧಾನಕ್ಕೆ ಹೋದ್ರೆ ಏನೇನು ಹೊಳೆಯುತ್ತೆ ನೋಡಿ.

ನಾವು ಹೊರಟಿದ್ದು ಮೇಲ್ಮುಖವಾಗಿ, ಲೆಚ್‌ಲೇಡ್ ಕಡೆಗೆ. ದೊಡ್ಡ ದೋಣಿಗಳು ಹೋಗಬಲ್ಲ ಕೊನೇ ಊರು ಅದು. ಕಾರಿನಲ್ಲಿ ಒಂದು ಗಂಟೆಯೂ ಬೇಡ. ದಾವಣಗೆರೆ ಎಕ್ಸೆಲ್ ಶೀಟಿನಲ್ಲಿ ಎರಡೂವರೆ ದಿನ ಹಾಕಿದ್ದ. ಇಲ್ಲಿ ವೇಗದ ಮಿತಿ ಗಂಟೆಗೆ 8 ಕಿ.ಮೀ., ನಮ್ಮದು ಆರು ದಾಟಲಿಲ್ಲ. ದಡದಲ್ಲಿ ನಾಯಿ ಜೊತೆ ವಾಕಿಂಗ್ ಮಾಡ್ತಿದ್ದ ಅಜ್ಜಿ ನಮ್ಮನ್ನು ಓವರ್‌ಟೇಕ್ ಮಾಡಿದರು, ಕೈಯನ್ನೂ ಬೀಸಿದರು.

ಮಧ್ಯೆ ಮಧ್ಯೆ ಲಾಕ್. ನೀರಿನ ಲಿಫ್ಟ್ ಅನ್ನಿ. ದೋಣಿಯನ್ನು ಕೋಣೆಯೊಳಗೆ ತಂದು, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಲ್ಲಿರುವ ತೂತು ತೆಗೆದು ನೀರು ತುಂಬಿಸಿದರೆ ದೋಣಿ ತಾನಾಗಿ ಏಳುತ್ತೆ. ಎರಡೂ ಕಡೆ ಮಟ್ಟ ಸಮ ಆದ ಮೇಲೇ ಬಾಗಿಲು ತೆರೆಯೋದು. ಮುಂಚೆ ಎಷ್ಟು ತಳ್ಳಿದರೂ ಅಲ್ಲಾಡಲ್ಲ. ನಾವು ಮೂವರು ಕೈಪಿಡಿ ಓದ್ತಿದ್ದಾಗ ಮಂಡ್ಯ ಒಮ್ಮೆ ನೋಡಿ, "ಇದು ನಮ್ ತೂಬು ಕಣ್ರಲಾ" ಅಂದ. ವಿಶ್ವೇಶ್ವರಯ್ಯ ನಾಲೆ ಪಕ್ಕ ಗದ್ದೆ ಇರೋ ಮನೆಯ ಹುಡುಗ. ಅವತ್ತಿಂದ ಲಾಕ್ ಡಿಪಾರ್ಟ್‌ಮೆಂಟ್ ಅವನದೇ.

ಐನ್‌ಶಮ್ ಹತ್ತಿರ ಸ್ವಿನ್‌ಫರ್ಡ್ ಸೇತುವೆ ಇದೆ. ಹದಿನೆಂಟನೇ ಶತಮಾನದ ಕಾಯ್ದೆಯ ಪ್ರಕಾರ ಇವತ್ತಿಗೂ ಖಾಸಗಿ ಟೋಲ್. ಕಾರಿಗೆ ಐದು ಪೆನ್ನಿ! ಮೇಲೆ ಕಾರುಗಳು ಸಾಲುಗಟ್ಟಿ ನಿಂತಿದ್ದವು, ನಾವು ಕೆಳಗೆ ಪುಕ್ಕಟೆ ಹೋದೆವು. ಮುಂದೆ ನ್ಯೂಬ್ರಿಜ್. ಹೆಸರು ಹೊಸ ಸೇತುವೆ, ವಯಸ್ಸು ಏಳುನೂರು ವರ್ಷಕ್ಕೂ ಹೆಚ್ಚು.

ಎರಡನೇ ದಿನ ರ‍್ಯಾಡ್‌ಕಾಟ್ ಲಾಕ್‌ನಲ್ಲಿ ಹಳದಿ ಫಲಕ ಕಂಡಿತು: ಹರಿವು ಹೆಚ್ಚುತ್ತಿದೆ, ಜೋಪಾನ. ಸೇತುವೆ ಹತ್ತಿರ ದೋಣಿ ಕಟ್ಟಿದೆವು. ರಾತ್ರಿಯಿಡೀ ಮಳೆ. ಬೆಳಿಗ್ಗೆ ಕೆಂಪು ಫಲಕ, ಅಂದ್ರೆ ಹೊರಡಬೇಡಿ. ದಾವಣಗೆರೆ ಚಡಪಡಿಸಿದ. "ಇನ್ನು ಮೂರೇ ಲಾಕ್ ಕಣ್ರೋ, ಹೋಗೇಬಿಡೋಣ." ಲಾಕ್ ನೋಡಿಕೊಳ್ಳೋ ಹಿರಿಯರು ವಾದ ಮಾಡಲಿಲ್ಲ. ಇವತ್ತು ನದಿಯ ದಿನ, ನಿಮ್ಮದಲ್ಲ ಅನ್ನೋ ಅರ್ಥದಲ್ಲಿ ಏನೋ ಹೇಳಿ ನಕ್ಕರು. ದೋಣಿ ಅಲ್ಲೇ ಉಳಿಯಿತು.

ನೆಟ್‌ವರ್ಕ್ ಇಲ್ಲ, ಹೊರಗೆ ಮಳೆ, ಒಳಗೆ ನಾಲ್ಕು ಜನ. ಕುಕ್ಕರ್ ಕೂಗಿತು. ಅನ್ನ ಸಾರು ತಿಂದು ಕೂತಾಗ ಮಂಡ್ಯ ಬಾಯಿ ಬಿಟ್ಟ. ಅಮ್ಮನ ಮಂಡಿ ಆಪರೇಷನ್ ಆಗಿತ್ತು, ಮನೆಯಲ್ಲಿ ಒಬ್ಬರೇ. ಬೆಂಗಳೂರಿನ ಕಂಪನಿಯೊಂದರ ಆಫರ್ ಲೆಟರ್ ಕೈಯಲ್ಲಿದೆ, ಸೋಮವಾರ ಉತ್ತರ ಕೊಡಬೇಕು. ಇಲ್ಲಿ ಪಿ.ಆರ್.ಗೆ ಇನ್ನು ಹತ್ತು ತಿಂಗಳು. ಒಂದು ತಿಂಗಳಿಂದ ಇದನ್ನು ಒಬ್ಬನೇ ಇಟ್ಟುಕೊಂಡಿದ್ದ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅಷ್ಟು ದಿನವೂ ಮೀಮ್ ಹಾಕಿಕೊಂಡೇ ಇದ್ದ.

"ಹತ್ತು ತಿಂಗಳು ತಡ್ಕೊ, ಆಮೇಲೆ ಹೋಗು. ಸಿಂಪಲ್ ಲೆಕ್ಕ" ಅಂದ ದಾವಣಗೆರೆ. ಲೆಕ್ಕ ಸರಿಯಾಗೇ ಇತ್ತು. ನನಗೂ ಹಾಗೇ ಅನ್ನಿಸಿತ್ತು, ಹೇಳಿದೆ ಕೂಡ.

ಶಿರಸಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪಂಗೆ ಹುಷಾರಿಲ್ಲ ಅಂದಾಗ ನಾನೂ ರಿಲೀಸ್ ಮುಗಿಸಿ ಬರ್ತೀನಿ ಅಂದಿದ್ದೆ" ಅಂದ. ಅಷ್ಟೇ ಹೇಳಿದ್ದು. ಎದ್ದು ಹೋಗಿ ಟೀ ಇಟ್ಟ. ಅವನ ಅಪ್ಪ ತೀರಿಕೊಂಡು ಎರಡು ವರ್ಷ. ಈ ಮಾತು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮಂಡ್ಯ ಅವತ್ತು ಏನೂ ತೀರ್ಮಾನ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಧ್ಯಾಹ್ನ ಮಳೆ ಬಿಟ್ಟಾಗ ನದಿಯ ಪಕ್ಕದ ಕಾಲುದಾರಿಯಲ್ಲಿ ಕೆಲ್ಮ್‌ಸ್ಕಾಟ್‌ವರೆಗೆ ನಡೆದೆವು. ಕವಿ, ವಿನ್ಯಾಸಗಾರ ವಿಲಿಯಂ ಮಾರಿಸ್ 1871ರಿಂದ ಬೇಸಿಗೆ ಕಳೆಯುತ್ತಿದ್ದ ಮನೆ ಅಲ್ಲಿದೆ, ಸಮಾಧಿಯೂ ಅದೇ ಹಳ್ಳಿಯ ಚರ್ಚಿನಂಗಳದಲ್ಲಿ. ಮರುದಿನ ಫಲಕ ಮತ್ತೆ ಹಳದಿಯಾಯಿತು, ಹರಿವು ಇಳಿಯುತ್ತಿದೆ ಅಂತ. ದೋಣಿ ಒಪ್ಪಿಸುವ ಸಮಯ ನೋಡಿ ಕೆಳಗೆ ತಿರುಗಿಸಿದೆವು. ಲೆಚ್‌ಲೇಡ್ ಎಕ್ಸೆಲ್ ಶೀಟಿನಲ್ಲೇ ಉಳಿಯಿತು.

ಲಾಕ್ ಇಳಿಯುವಾಗ ದೋಣಿಯ ಹಗ್ಗ ಬಿಗಿಯಾಗಿ ಕಟ್ಟುವಂತಿಲ್ಲ. ನೀರು ಇಳಿದಂತೆ ದೋಣಿ ಹಗ್ಗಕ್ಕೆ ನೇತಾಡಿಬಿಡುತ್ತೆ. ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಬೇಕು. ಐನ್‌ಶಮ್ ಲಾಕ್‌ನಲ್ಲಿ ಹಾಗೆ ಹಗ್ಗ ಬಿಡುತ್ತಾ ಮಂಡ್ಯ ಅಂದ, "ಡಿಸೆಂಬರ್‌ಗೆ ಹೋಯ್ತೀನಿ ಕಣ್ರಲಾ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದಾವಣಗೆರೆ ಇನ್ನೊಂದು ತುದಿಯಿಂದ, "ಸರಿ, ಮೊದ್ಲು ಹಗ್ಗ ನೋಡು ಮಾರಾಯ" ಅಂದ. ಅವನ ದನಿ ಸ್ವಲ್ಪ ಗದ್ಗದವಾಗಿತ್ತು.

ನೀವೂ ಹೋಗೋದಾದ್ರೆ ಎರಡು ಮಾತು. ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ನದಿಯಾದ್ರೆ ಲೈಫ್ ಜಾಕೆಟ್ ಹಾಕಿ, ಫಲಕದ ಬಣ್ಣ ನೋಡದೆ ಹೊರಡಬೇಡಿ. ಮತ್ತೆ, ಮುಟ್ಟಬೇಕಾದ ಊರಿನ ಲೆಕ್ಕದಲ್ಲಿ ಒಂದು ದಿನ ಖಾಲಿ ಬಿಡಿ. ಇಂಗ್ಲೆಂಡೇ ಆಗಬೇಕು ಅಂತಿಲ್ಲ. ನೆಟ್‌ವರ್ಕ್ ಸಿಗದ ಯಾವುದಾದರೂ ಊರಲ್ಲಿ ಹಳೇ ಗೆಳೆಯರ ಜೊತೆ ಒಂದು ಮಳೆಯ ದಿನ ಸಾಕು.

ಮಂಡ್ಯ ಈಗ ವಾರದಲ್ಲಿ ಮೂರು ದಿನ ಬೆಂಗಳೂರು, ಉಳಿದ ದಿನ ಮನೆ. ಮೊನ್ನೆ ಫೋನ್ ಮಾಡಿದಾಗ ಅಮ್ಮನ ಕೈಗೇ ಕೊಟ್ಟ. ಮಂಡಿ ಹೇಗಿದೆ ಅಂತ ಕೇಳಿದರೆ, "ಅದು ಬುಡಪ್ಪ, ನೀನಾರ ಬುದ್ಧಿ ಹೇಳ್ಬಾರದಿತ್ತಾ ಇವನಿಗೆ? ಇನ್ನತ್ತು ತಿಂಗಳು ಇದ್ದು ಬರೋಕಾಗ್ತಿರಲಿಲ್ವಾ?" ಅಂತ ನನಗೇ ಬೈದರು. ಬೈಯುತ್ತಲೇ, ಅವನಿಗೆ ಊಟಕ್ಕೆ ಬಾ ಅಂತ ಕೂಗಿದರು.