ಸಂಗಾತಿ ವೀಸಾ: ಒಡೆಯರಪಾಳ್ಯದ ಕಥೆ, ಕರಾವಳಿಗೆ ಪಾಠ

ಚಾಮರಾಜನಗರ ಜಿಲ್ಲೆಯ ರಾಮಾಪುರ ಎಂದರೆ ನಮ್ಮಲ್ಲಿ ಹಲವರಿಗೆ ಇಂದಿಗೂ ನೆನಪಾಗುವುದು 1992ರಲ್ಲಿ ವೀರಪ್ಪನ್ ತಂಡ ಅಲ್ಲಿನ ಪೊಲೀಸ್ ಠಾಣೆಯ ಮೇಲೆ ನಡೆಸಿದ ದಾಳಿ. ಹಿಂದೆ ಕೊಳ್ಳೇಗಾಲಕ್ಕೆ, ಈಗ ಹನೂರು ತಾಲ್ಲೂಕಿಗೆ ಸೇರಿದ ಈ ಕಾಡಂಚಿನ ಸೀಮೆಯಲ್ಲಿ ಕನ್ನಡಿಗರಿದ್ದಾರೆ, ಸೋಲಿಗರಿದ್ದಾರೆ, ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮಾತನಾಡುವ ಕಥೋಲಿಕರಿದ್ದಾರೆ. ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರೂ ಇದ್ದಾರೆ. ವಿದೇಶದಲ್ಲಿರುವ ಪತಿ ಅಥವಾ ಪತ್ನಿ ಸ್ಪಾನ್ಸರ್ ಮಾಡಿ ಸಂಗಾತಿಯನ್ನು ಕರೆಸಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳ ಕಡೆ ಮುಖ ಮಾಡಿರುವ ನಮ್ಮ ಕರಾವಳಿಯ ಕುಟುಂಬಗಳಿಗೂ ಇದರಲ್ಲಿ ಕಲಿಯುವುದು ಬೇಕಾದಷ್ಟಿದೆ.

ಹಿನ್ನೆಲೆ

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ನಂತರ ನಿರಾಶ್ರಿತರಿಗೆ ನೆಲೆ ಒದಗಿಸಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಪ್ರಮುಖವಾದುದು. 1961ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, 1970ರ ದಶಕದ ಮೊದಲಾರ್ಧದಲ್ಲಿ ಹುಣಸೂರು ಮತ್ತು ಒಡೆಯರಪಾಳ್ಯದ ವಸತಿಗಳು ಆರಂಭವಾದವು. ಒಡೆಯರಪಾಳ್ಯದ ವಸತಿಗೆ ಧೋಂಡೆನ್‌ಲಿಂಗ್ ಎಂದು ಹೆಸರು. ಕಾಡು ಕಡಿದು ಮಾಡಿದ ಹೊಲದಲ್ಲಿ ಮುಸುಕಿನ ಜೋಳ, ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರ್ ವ್ಯಾಪಾರ: ಹೀಗೆ ಎರಡು ತಲೆಮಾರು ಅಲ್ಲಿ ಬದುಕು ಕಟ್ಟಿಕೊಂಡಿತು.

ಮೂರನೆಯ ತಲೆಮಾರು ಓದಿತು. ಓದಿದವರಿಗೆ ಜೋಳದ ಹೊಲ ಸಾಲಲಿಲ್ಲ. ಇದು ಬೆಳ್ಮಣ್, ಕಿನ್ನಿಗೋಳಿ, ಶಿರ್ವದ ತಂದೆ ತಾಯಂದಿರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. 1990ರ ಅಮೆರಿಕದ ವಲಸೆ ಕಾಯ್ದೆ ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟಿಯನ್ನರಿಗೆ ವಿಶೇಷ ವೀಸಾ ನೀಡಿತು. ಮೊದಲು ಹೋದದ್ದು ಮನೆಗೊಬ್ಬರಂತೆ. ನಂತರ ಅವರು ತಮ್ಮ ಪತಿ, ಪತ್ನಿ, ಮಕ್ಕಳನ್ನು ಕರೆಸಿಕೊಂಡರು. 2010ರಲ್ಲಿ ಕೆನಡಾ ಅರುಣಾಚಲ ಪ್ರದೇಶದ 1,000 ಟಿಬೆಟಿಯನ್ನರನ್ನು ಸ್ವೀಕರಿಸುವುದಾಗಿ ಘೋಷಿಸಿತು. ಟೊರೊಂಟೊ ನಗರದ ಪಾರ್ಕ್‌ಡೇಲ್ ಬಡಾವಣೆ ಇಂದು ಅವರ ದೊಡ್ಡ ನೆಲೆ. ಒಬ್ಬರು ಹೋದರೆ ಒಂದು ಸರಪಳಿ ಆರಂಭವಾಗುತ್ತದೆ, ಆ ಸರಪಳಿಯ ಮೊದಲ ಕೊಂಡಿ ಮದುವೆ.

ಕರೆಸುವವರು ಯಾರು ಎಂಬುದೇ ಮೊದಲ ಪ್ರಶ್ನೆ

“ಮದುವೆಯಾಗಿದೆ, ಇನ್ನೇನು ವೀಸಾ ಬರುತ್ತದೆ” ಎಂಬ ಮಾತು ನಮ್ಮ ಇಗರ್ಜಿಯ ಅಂಗಳದಲ್ಲೂ ಕೇಳಿಬರುತ್ತದೆ. ಆದರೆ ಕಾನೂನು ಮೊದಲು ನೋಡುವುದು ಕರೆಸುವವರ ಸ್ಥಾನಮಾನವನ್ನು.

ಅಮೆರಿಕವನ್ನೇ ತೆಗೆದುಕೊಳ್ಳೋಣ. ಅಲ್ಲಿನ ಪೌರರು ತಮ್ಮ ಸಂಗಾತಿಗೆ ಅರ್ಜಿ ಹಾಕಿದರೆ ವಾರ್ಷಿಕ ಮಿತಿ ಇರುವುದಿಲ್ಲ. ಗ್ರೀನ್ ಕಾರ್ಡ್ ಮಾತ್ರ ಇದ್ದವರ ಸಂಗಾತಿ ಮಿತಿಯುಳ್ಳ ಸಾಲಿನಲ್ಲಿ ನಿಲ್ಲಬೇಕು. ಪ್ರತಿ ತಿಂಗಳು ಪ್ರಕಟವಾಗುವ ವೀಸಾ ಬುಲೆಟಿನ್‌ನಲ್ಲಿ ತಮ್ಮ ದಿನಾಂಕ ಬಂತೇ ಎಂದು ಕಾಯಬೇಕು. ಆಶ್ರಯ ಪಡೆದವರಿಗೆ ಬೇರೆಯೇ ನಿಯಮ. ಆಶ್ರಯ ದೊರೆತ ಎರಡು ವರ್ಷದೊಳಗೆ ಅವರು ಸಂಗಾತಿಗಾಗಿ ಅರ್ಜಿ ಸಲ್ಲಿಸಬೇಕು, ಮದುವೆ ಆಶ್ರಯ ದೊರೆಯುವ ಮೊದಲೇ ಆಗಿರಬೇಕು. ಆಶ್ರಯ ದೊರೆತ ಮರುವಾರ ಒಡೆಯರಪಾಳ್ಯಕ್ಕೆ ಫೋನ್ ಮಾಡಿ ಮದುವೆ ನಿಶ್ಚಯಿಸಿದವನಿಗೆ ಈ ದಾರಿ ಮುಚ್ಚಿರುತ್ತದೆ. ಅವನು ಗ್ರೀನ್ ಕಾರ್ಡ್ ಪಡೆದು ಹೊಸದಾಗಿ ಅರ್ಜಿ ಹಾಕಬೇಕು. ಕೆಲವೇ ದಿನಗಳ ವ್ಯತ್ಯಾಸ ಒಂದು ದಂಪತಿಯನ್ನು ವರ್ಷಗಟ್ಟಲೆ ದೂರ ಇಡಬಲ್ಲದು.

ಕೆನಡಾದಲ್ಲಿ ಪೌರರೂ ಶಾಶ್ವತ ನಿವಾಸಿಗಳೂ ಸ್ಪಾನ್ಸರ್ ಮಾಡಬಹುದು. ಶಾಶ್ವತ ನಿವಾಸಿಯಾದವರು ಕೆನಡಾದಲ್ಲೇ ವಾಸವಿರಬೇಕು. ಸಂಗಾತಿಯ ವಿಷಯದಲ್ಲಿ ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ಆದರೆ ಸಂಗಾತಿ ಶಾಶ್ವತ ನಿವಾಸಿಯಾದ ದಿನದಿಂದ ಮೂರು ವರ್ಷ ಅವರ ಜೀವನಾವಶ್ಯಕತೆಗಳ ಹೊಣೆಯನ್ನು ಸ್ಪಾನ್ಸರ್ ಬರಹದಲ್ಲಿ ಒಪ್ಪಿಕೊಳ್ಳಬೇಕು. ಮಧ್ಯೆ ಸಂಬಂಧ ಮುರಿದರೂ ಈ ಹೊಣೆ ತಪ್ಪುವುದಿಲ್ಲ. ತಾವೇ ಸಂಗಾತಿಯ ಸ್ಪಾನ್ಸರ್‌ನಿಂದ ಬಂದವರು ಐದು ವರ್ಷ ಇನ್ನೊಬ್ಬ ಸಂಗಾತಿಯನ್ನು ಕರೆಸುವಂತಿಲ್ಲ.

ಬ್ರಿಟನ್ನಿನಲ್ಲಿ ಹಣವೇ ದೊಡ್ಡ ಗೋಡೆ. 2012ರಲ್ಲಿ ಸ್ಪಾನ್ಸರ್‌ಗೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಬೇಕೆಂದು ನಿಗದಿಯಾಯಿತು. 2024ರ ಏಪ್ರಿಲ್ 11ರಿಂದ ಅದನ್ನು 29,000 ಪೌಂಡ್‌ಗೆ ಏರಿಸಲಾಯಿತು. ವೃದ್ಧಾಶ್ರಮಗಳಲ್ಲಿ, ಅಡುಗೆಮನೆಗಳಲ್ಲಿ ದುಡಿಯುವವರಿಗೆ ಸಂಗಾತಿಯೊಡನೆ ಬಾಳುವ ಹಕ್ಕು ಸಂಬಳದ ಚೀಟಿಯ ಮೇಲೆ ನಿಂತಿದೆ ಎಂದಾಯಿತು. ಕುಟುಂಬದ ಹಕ್ಕುಗಳ ಕುರಿತು ವ್ಯಾಟಿಕನ್ 1983ರಲ್ಲಿ ಹೊರಡಿಸಿದ ಸನ್ನದು, ವಲಸೆ ಕಾರ್ಮಿಕರು ಆದಷ್ಟು ಬೇಗ ತಮ್ಮ ಕುಟುಂಬದೊಡನೆ ಒಂದಾಗುವ ಹಕ್ಕುಳ್ಳವರು ಎಂದು ಸಾರಿದೆ. ಆ ಅಳತೆಗೋಲಿನಿಂದ ನೋಡಿದರೆ ಇಂಥ ನಿಯಮ ನ್ಯಾಯವಾದದ್ದೆಂದು ನಾವು ಹೇಳಲಾರೆವು.

ಈ ದಡದ ಕಾಗದಗಳು

ವಿದೇಶದ ಕಡೆ ಎಲ್ಲವೂ ಸರಿಯಾದರೂ ಒಡೆಯರಪಾಳ್ಯದವರಿಗೆ ಇಲ್ಲಿಯದೇ ಒಂದು ಪರ್ವತ ಕಾದಿರುತ್ತದೆ. ಅವರಲ್ಲಿ ಹೆಚ್ಚಿನವರು ಭಾರತದ ಕಾನೂನಿನ ಕಣ್ಣಿಗೆ ವಿದೇಶಿಯರು. ಇಲ್ಲಿ ವಾಸಿಸಲು ನೋಂದಣಿ ಪ್ರಮಾಣಪತ್ರ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಪಾಸ್‌ಪೋರ್ಟ್‌ಗೆ ಬದಲಾಗಿ ಭಾರತ ಸರ್ಕಾರ ನೀಡುವ ಗುರುತಿನ ಪತ್ರ, ಅಂದರೆ ಅವರ ನಡುವೆ ಹಳದಿ ಪುಸ್ತಕ ಎಂದು ಕರೆಯಲಾಗುವ ದಾಖಲೆ ಬೇಕು. ದೇಶ ಬಿಡಲು ನಿರ್ಗಮನದ ಅನುಮತಿಯೂ ಬೇಕು.

ಇವರಲ್ಲಿ ಒಂದು ಗುಂಪಿಗೆ ಬೇರೆ ದಾರಿಯೂ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯಂತೆ ಹುಟ್ಟಿನಿಂದಲೇ ಭಾರತೀಯರು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದು 2010ರಲ್ಲಿ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ನಿಲುವು ತಳೆಯಿತು. 2017ರಲ್ಲಿ ವಿದೇಶಾಂಗ ಸಚಿವಾಲಯ ಇಂಥವರಿಗೆ ಪಾಸ್‌ಪೋರ್ಟ್ ನೀಡುವಂತೆ ಸೂಚಿಸಿತು. ಹೀಗಾಗಿ ಒಂದೇ ಮನೆಯಲ್ಲಿ 1985ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1989ರಲ್ಲಿ ಹುಟ್ಟಿದ ತಮ್ಮ ನಿರಾಶ್ರಿತ ಎಂಬ ಸ್ಥಿತಿ ಉಂಟಾಗಬಹುದು. ವೀಸಾ ಅರ್ಜಿಯಲ್ಲಿ ರಾಷ್ಟ್ರೀಯತೆ ಎಂಬ ಒಂದು ಸಾಲು ತುಂಬುವುದೂ ಇವರಿಗೆ ಸುಲಭವಲ್ಲ.

ಇನ್ನು ಹೆಸರು. ಟಿಬೆಟಿಯನ್ನರಲ್ಲಿ ಮನೆತನದ ಹೆಸರು ಬಳಸುವ ರೂಢಿ ಹೆಚ್ಚಾಗಿ ಇಲ್ಲ. ಒಂದೇ ಊರಿನಲ್ಲಿ ಹತ್ತಾರು ತೆನ್‌ಜಿನ್‌ಗಳು. ಒಂದು ದಾಖಲೆಯಲ್ಲಿ ಒಂದು ಕಾಗುಣಿತ, ಇನ್ನೊಂದರಲ್ಲಿ ಮತ್ತೊಂದು. ಮದುವೆಯೂ ಹಿರಿಯರ ಮುಂದೆ ಸಂಪ್ರದಾಯದಂತೆ ಆಗಿ, ಎಲ್ಲೂ ನೋಂದಣಿಯಾಗದೆ ಉಳಿದಿದ್ದರೆ, ಸಾವಿರಾರು ಮೈಲಿ ದೂರ ಕುಳಿತ ಅಧಿಕಾರಿಯ ಪಾಲಿಗೆ ಆ ಮದುವೆ ನಡೆದೇ ಇಲ್ಲ.

ಕರಾವಳಿಯ ಕನ್ನಡಿಯಲ್ಲಿ

ನಮ್ಮವರಿಗೆ ಪಾಸ್‌ಪೋರ್ಟ್ ಇದೆ, ಪೌರತ್ವ ಇದೆ. ಆದರೂ ಧರ್ಮಕೇಂದ್ರದ ಕಚೇರಿಯಲ್ಲಿ ಕುಳಿತವರಿಗೆ ಈ ತೊಡಕುಗಳು ಅಪರಿಚಿತವಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಡಿಸೋಜ ಎಂಬುದನ್ನು ಆಂಗ್ಲ ಅಕ್ಷರಗಳಲ್ಲಿ ಬರೆಯುವಾಗ ಅಣ್ಣನಿಗೊಂದು ರೀತಿ, ತಂಗಿಗೊಂದು ರೀತಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿದ್ದು, ಬ್ಯಾಂಕಿನಲ್ಲಿ ತಂದೆಯ ಹೆಸರೇ ಉಳಿದದ್ದು. ಇವನ್ನೆಲ್ಲ ಅರ್ಜಿ ಹಾಕುವ ವಾರದಲ್ಲಿ ಸರಿಪಡಿಸಲಾಗದು. ಮದುವೆ ನಿಶ್ಚಯವಾದ ದಿನವೇ ಎರಡೂ ಕಡೆಯ ದಾಖಲೆಗಳನ್ನು ಒಂದು ಮೇಜಿನ ಮೇಲೆ ಇಟ್ಟು ಹೋಲಿಸಿ ನೋಡುವುದು ಜಾಣತನ.

ಎರಡನೆಯದು ನೋಂದಣಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ನಮ್ಮ ಇಗರ್ಜಿಗಳಲ್ಲಿ ನಡೆಯುವ ಮದುವೆಗೆ ಕಾನೂನಿನ ಮಾನ್ಯತೆ ಇದೆ. ಆದರೂ ವಿದೇಶದ ಅಧಿಕಾರಿಗಳು ಸರ್ಕಾರಿ ನೋಂದಣಿ ಪತ್ರವನ್ನು ಕೇಳುವುದು ಸಾಮಾನ್ಯ. ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ; ಕರ್ನಾಟಕದಲ್ಲಿ 1976ರ ಕಾಯ್ದೆಯೇ ಇದೆ. ಇಗರ್ಜಿಯ ಪತ್ರ ಮತ್ತು ಸರ್ಕಾರದ ಪತ್ರ ಎರಡೂ ಕೈಯಲ್ಲಿರಲಿ, ಎರಡರಲ್ಲೂ ಹೆಸರು ಮತ್ತು ದಿನಾಂಕ ಒಂದೇ ಆಗಿರಲಿ.

ಮೂರನೆಯದು ಪ್ರತಿನಿಧಿಯ ಮೂಲಕ ಮದುವೆ. ರಜೆ ಸಿಗದ ವರನ ಪರವಾಗಿ ಇನ್ನೊಬ್ಬರು ನಿಂತು ಸಮ್ಮತಿ ನೀಡುವುದಕ್ಕೆ ಧರ್ಮಸಭೆಯ ಕಾನೂನು ಕಟ್ಟುನಿಟ್ಟಾದ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿದೆ. ಆದರೆ ವಧು ವರರಿಬ್ಬರೂ ಖುದ್ದಾಗಿ ಹಾಜರಿಲ್ಲದ ಮದುವೆಯನ್ನು ಕೆನಡಾ 2015ರ ಜೂನ್‌ನಿಂದ ವಲಸೆಯ ಉದ್ದೇಶಕ್ಕೆ ಒಪ್ಪುವುದಿಲ್ಲ. ಧರ್ಮಸಭೆಯ ಕಣ್ಣಿನಲ್ಲಿ ಸಿಂಧುವಾದ ಮದುವೆ ವೀಸಾ ಕಚೇರಿಯಲ್ಲಿ ಬಿದ್ದುಹೋಗಬಹುದು. ಅನುಮತಿ ಕೇಳಿ ಬರುವವರಿಗೆ ಧರ್ಮಗುರುಗಳು ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಸುಳ್ಳಿನ ಬೆಲೆ

ಅತ್ಯಂತ ಗಂಭೀರವಾದ ವಿಷಯ ಇದು. “ಅರ್ಜಿಯಲ್ಲಿ ಒಂಟಿ ಎಂದು ಬರೆ, ಬೇಗ ಆಗುತ್ತದೆ, ಹೆಂಡತಿಯನ್ನು ಆಮೇಲೆ ಕರೆಸಿಕೊಳ್ಳಬಹುದು” ಎನ್ನುವ ದಲ್ಲಾಳಿಗಳು ಎಲ್ಲ ಕಡೆ ಇದ್ದಾರೆ. ಕೆನಡಾದ ನಿಯಮದಂತೆ, ವಲಸೆ ಹೋಗುವಾಗ ಹೆಸರಿಸದೆ, ತಪಾಸಣೆಗೆ ಒಳಪಡಿಸದೆ ಬಿಟ್ಟ ಸಂಗಾತಿಯನ್ನು ಅಥವಾ ಮಗುವನ್ನು ನಂತರ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡಲಾಗದು. 2019ರಲ್ಲಿ ಕೆಲವು ವರ್ಗದವರಿಗೆ ಪ್ರಾಯೋಗಿಕವಾಗಿ ಸಡಿಲಿಕೆ ನೀಡಿದ್ದರೂ ಮೂಲ ನಿಯಮ ಅಳಿಸಿಹೋಗಿಲ್ಲ. ಒಂದು ಕಾಲಂನಲ್ಲಿ ಬರೆದ ಸುಳ್ಳಿಗೆ ಹೆಂಡತಿ ಮತ್ತು ಮಗು ಜೀವನಪೂರ್ತಿ ಬೆಲೆ ತೆರಬೇಕಾದೀತು.

ಇದಕ್ಕೆ ವಿರುದ್ಧವಾದ ಸುಳ್ಳು ಎಂದರೆ ವೀಸಾಕ್ಕಾಗಿಯೇ ಮಾಡುವ ಮದುವೆ. ಬಾಳುವ ಮನಸ್ಸೇ ಇಲ್ಲದೆ ಬಾಯಿಮಾತಿನಲ್ಲಿ ಸಮ್ಮತಿ ನೀಡಿದರೆ ಅದು ಮದುವೆಯೇ ಅಲ್ಲ ಎನ್ನುತ್ತದೆ ಧರ್ಮಸಭೆಯ ಕಾನೂನು. ವಿದೇಶದ ಕಾನೂನು ಅದನ್ನು ವಂಚನೆ ಎನ್ನುತ್ತದೆ. ಇಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ಸಂಗಾತಿ ವೀಸಾದ ಅಧಿಕಾರಿ ಜೋಡಿಯ ಫೋನ್ ಮಾತುಕತೆ, ಹಣ ಕಳಿಸಿದ ಚೀಟಿ, ಮದುವೆಯ ಚಿತ್ರಗಳು, ಇಬ್ಬರ ಮನೆಯವರ ಪರಿಚಯ ಎಲ್ಲವನ್ನೂ ಕೇಳುವುದು ಇಂಥ ವಂಚನೆಗಳಿಂದಾಗಿ. ಒಬ್ಬರ ಸುಳ್ಳು ಹತ್ತು ಪ್ರಾಮಾಣಿಕ ಜೋಡಿಗಳ ಕಡತವನ್ನು ನಿಧಾನಗೊಳಿಸುತ್ತದೆ.

ಸ್ಪಾನ್ಸರ್ ಒಡೆಯನಲ್ಲ

ಕರೆಸಿಕೊಂಡವರ ಕೈಯಲ್ಲಿ ಅಧಿಕಾರವಿದೆ, ಬಂದವರಲ್ಲಿ ಭಯವಿದೆ. 2012ರಲ್ಲಿ ಕೆನಡಾ ಹೊಸ ಜೋಡಿಗಳಲ್ಲಿ ಬಂದ ಸಂಗಾತಿ ಎರಡು ವರ್ಷ ಸ್ಪಾನ್ಸರ್ ಜೊತೆಯಲ್ಲೇ ಇರಬೇಕು ಎಂಬ ಷರತ್ತು ತಂದಿತ್ತು. ಹೊಡೆತ ತಿಂದರೂ ಹೆಂಡತಿ ಬಾಯಿಬಿಡದಂತೆ ಇದು ಮಾಡುತ್ತದೆ ಎಂಬ ಟೀಕೆ ಬಂದು 2017ರಲ್ಲಿ ಅದನ್ನು ರದ್ದುಪಡಿಸಲಾಯಿತು. ಅಮೆರಿಕದಲ್ಲಿ ಹಿಂಸೆಗೊಳಗಾದ ಸಂಗಾತಿ ತಾನೇ ಅರ್ಜಿ ಹಾಕಲು 1994ರ ಕಾಯ್ದೆ ಅವಕಾಶ ನೀಡಿದೆ. ಹೊರಡುವ ಮೊದಲು ನಮ್ಮ ಹೆಣ್ಣುಮಕ್ಕಳಿಗೆ ಈ ವಿಷಯ ಗೊತ್ತಿರಬೇಕು. ಪಾಸ್‌ಪೋರ್ಟ್ ತನ್ನ ಕೈಯಲ್ಲೇ ಇರಬೇಕು, ಕಾಗದಗಳ ಒಂದು ಪ್ರತಿ ತವರಿನಲ್ಲಿರಬೇಕು.

ಇಲ್ಲೇ ಉಳಿದುಹೋದವರ ದುಃಖ ಬೇರೆ. ಮದುವೆಯಾಗಿ, ರಜೆ ಮುಗಿಸಿ ಹೋದವನು ಕಾಗದ ಕಳಿಸದೆ, ಫೋನ್ ಎತ್ತದೆ ಇದ್ದರೆ ಆಕೆ ಯಾರನ್ನು ಕೇಳಬೇಕು? ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯರ ಮದುವೆಗಳಿಗಾಗಿ ಪ್ರತ್ಯೇಕ ಘಟಕವಿದೆ. ಇಂಥ ಮದುವೆಗಳ ನೋಂದಣಿಗಾಗಿ 2019ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತಾದರೂ ಕಾನೂನಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ಸಮಗ್ರ ಕಾಯ್ದೆ ಮತ್ತು ಕಡ್ಡಾಯ ನೋಂದಣಿಯನ್ನು ಶಿಫಾರಸು ಮಾಡಿತು. ಸಂಬಂಧ ಕುದುರಿಸುವ ಮುನ್ನ ವರನ ವೀಸಾ ಯಾವ ಬಗೆಯದು, ಅದರಲ್ಲಿ ಹೆಂಡತಿಯನ್ನು ಕರೆಸಲು ಆಗುತ್ತದೆಯೇ ಎಂದು ಕೇಳುವುದು ಅವಮಾನದ ಪ್ರಶ್ನೆಯಲ್ಲ. ಬಂಗಾರ ಎಷ್ಟು, ಹಾಲ್ ಯಾವುದು ಎಂದು ಕೇಳುವ ನಾವು ಇದನ್ನೇಕೆ ಕೇಳಬಾರದು?

ಹಿಂದೆ ಉಳಿಯುವವರು

2009ರ ಟಿಬೆಟಿಯನ್ ಜನಗಣತಿಯಂತೆ ಭಾರತದಲ್ಲಿ ಅವರ ಸಂಖ್ಯೆ ಸುಮಾರು 94 ಸಾವಿರ ಇತ್ತು. ಆ ನಂತರ ವಲಸೆಯಿಂದ ಅದು ಇಳಿಯುತ್ತಲೇ ಬಂದಿದೆ. ವಸತಿಗಳಲ್ಲಿ ಹಿರಿಯರು ಉಳಿಯುತ್ತಾರೆ, ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಬೀಗ ಹಾಕಿದ ಮನೆಗಳು, ಕ್ರಿಸ್ಮಸ್‌ಗೆ ಮಾತ್ರ ತುಂಬುವ ವಾಳೆಗಳು ನಮ್ಮಲ್ಲೂ ಇವೆ. ಹೋಗುವವರನ್ನು ತಡೆಯುವುದು ನಮ್ಮ ಕೆಲಸವಲ್ಲ. ಗಂಡ ಹೆಂಡತಿ ಒಂದೇ ಸೂರಿನಡಿ ಇರಬೇಕು ಎಂಬುದು ಧರ್ಮಸಭೆಯ ಆಶಯವೂ ಹೌದು. ಆದರೆ ಅವರನ್ನು ಸರಿಯಾದ ಕಾಗದ, ಸರಿಯಾದ ತಿಳುವಳಿಕೆಯೊಂದಿಗೆ ಕಳಿಸುವುದು ಹಾಗೂ ಉಳಿದ ಅಪ್ಪ ಅಮ್ಮನ ಬಾಗಿಲು ತಟ್ಟುವುದು ನಮ್ಮ ಕೆಲಸ.

ಆದ್ದರಿಂದ ಧರ್ಮಕೇಂದ್ರಗಳಿಗೆ ನಮ್ಮ ಸಲಹೆ ಇಷ್ಟೇ. ವಿವಾಹ ಸಿದ್ಧತಾ ಶಿಬಿರದಲ್ಲಿ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಿ. ಮದುವೆ ಪತ್ರ ಕೊಡುವಾಗ ಪಾಸ್‌ಪೋರ್ಟ್‌ನ ಹೆಸರಿನೊಂದಿಗೆ ಹೋಲಿಸಿ ನೋಡಿ. ಆದರೆ ಪುಸ್ತಕದಲ್ಲಿ ಇರುವುದನ್ನು ಯಾರ ಒತ್ತಾಯಕ್ಕೂ ತಿದ್ದಬೇಡಿ, ಸರಿಯಾದ ಕ್ರಮದಲ್ಲಿ ಟಿಪ್ಪಣಿ ಬರೆಯಿರಿ. ವಲಸೆಯ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ದಲ್ಲಾಳಿಯ ಮಾತಿಗಿಂತ ಆಯಾ ಸರ್ಕಾರದ ಅಧಿಕೃತ ಪ್ರಕಟಣೆಯನ್ನು ನಂಬಲು ಹೇಳಿ. ಗುರ್ಕಾರರು ತಮ್ಮ ವಾಳೆಯಲ್ಲಿ ವೀಸಾಕ್ಕಾಗಿ ಕಾಯುತ್ತಿರುವ ಹೆಣ್ಣುಮಗಳು ಯಾರೆಂದು ತಿಳಿದಿರಲಿ. ವರ್ಷ ಎರಡಾದರೂ ಕರೆ ಬಾರದಿದ್ದರೆ ಆಕೆಯಾಗಿ ಬಂದು ಹೇಳುವಳೆಂದು ಕಾಯದೆ ನಾವೇ ಹೋಗಿ ವಿಚಾರಿಸೋಣ.